ಡಬ್ಬಾ ಹೋಶಂಗ್ ಮತ್ತು ಒಂಬತ್ತು ತೂತು

ನವಸಾರಿಯ ನಮ್ಮ ಪಾರ್ಸಿ ಓಣಿಯಲ್ಲಿ ಮೂವರು ಹೋಶಂಗರಿದ್ದರು. ಬೇಕರಿ ಇಟ್ಟವನು ಪಾವ್ ಹೋಶಂಗ್. ಬಾಯಿ ತೆರೆದರೆ ಸುಳ್ಳು ಹೇಳುತ್ತಿದ್ದವನಿಗೂ ಒಂದು ಅಡ್ಡಹೆಸರಿತ್ತು, ಆದರೆ ಅವನ ಮೊಮ್ಮಕ್ಕಳು ಮರ್ಯಾದಸ್ಥರು, ಅದು ಇಲ್ಲಿ ಬೇಡ. ಮೂರನೆಯವನೇ ಡಬ್ಬಾ ಹೋಶಂಗ್. ಮೂವತ್ತೆಂಟು ವರ್ಷ ಒಂದೇ ದವಾಖಾನೆಯಲ್ಲಿ ಕಾಂಪೌಂಡರ್ ಆಗಿ, ಊರಿನ ಜ್ವರಕ್ಕೆಲ್ಲ ಕೆಂಪು ನೀರು ಬಿಳಿ ನೀರು ಬೆರೆಸಿ ಕೊಟ್ಟು ಮನೆಗೆ ಬಂದವನು.

ಡಬ್ಬಾ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಹೆಂಗಸರು ಬೆಳಿಗ್ಗೆ ಹೊಸ್ತಿಲು ತೊಳೆದ ಮೇಲೆ ರಂಗೋಲಿಯನ್ನು ಬೆರಳಲ್ಲಿ ಬಿಡುವುದಿಲ್ಲ, ಡಬ್ಬಿಯಲ್ಲಿ ತಟ್ಟುತ್ತಾರೆ. ತಗಡಿನ ಡಬ್ಬಿಯ ತಳದಲ್ಲಿ ಚಿತ್ರದಂತೆ ತೂತು ಹೊಡೆದಿರುತ್ತದೆ. ಒಳಗೆ ಸುಣ್ಣದ ಪುಡಿ ತುಂಬಿ ನೆಲಕ್ಕಿಟ್ಟು ಎರಡು ತಟ್ಟು ತಟ್ಟಿ ಎತ್ತಿದರೆ ಮೀನೋ ಹುಂಜವೋ ಹೂಕುಂಡವೋ ಮೂಡಿರುತ್ತದೆ. ಅಂಥ ಡಬ್ಬಿಗಳು ಹೋಶಂಗನ ಮನೆಯಲ್ಲಿ ನೂರ ನಲವತ್ತೊಂದು ಇದ್ದವು. ಹಳೆಯವು ಅರ್ಧ, ಅವನೇ ಬಿಸ್ಕತ್ತಿನ ತಗಡು ಕತ್ತರಿಸಿ ಮೊಳೆ ಬಡಿದು ಮಾಡಿದವು ಅರ್ಧ. ಇಷ್ಟು ಸಾಲದೆಂಬಂತೆ ಹರಿದ ತೋರಣಗಳ ಗಾಜಿನ ಮಣಿಗಳನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸಿ ಔಷಧಿ ಬಾಟಲಿಗಳಲ್ಲಿ ತುಂಬಿಟ್ಟಿದ್ದ. 'ಊಟದ ನಂತರ ಎರಡು ಚಮಚ' ಎಂಬ ಚೀಟಿ ಇನ್ನೂ ಅಂಟಿಕೊಂಡ ಬಾಟಲಿಯಲ್ಲಿ ಹಸಿರು ಮಣಿ ಇರುತ್ತಿತ್ತು. ಹಿತ್ತಿಲ ಮಣ್ಣಿನಲ್ಲಿ ಸಿಕ್ಕ ನೀಲಿ ಚಿತ್ತಾರದ ಪಿಂಗಾಣಿ ಚೂರುಗಳಿಗೆ ಬೇರೆಯೇ ಒಂದು ಪೆಟ್ಟಿಗೆ.

ಫೆಬ್ರವರಿ ಮುಗಿದು ಬೂರುಗದ ಮರ ಎಲೆ ಉದುರಿಸಿ ಮೈತುಂಬ ಕೆಂಪು ಹೂ ಬಿಟ್ಟಿತೆಂದರೆ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಪೂರ್ಣಾ ನದಿಯ ದಂಡೆಗೆ ಹೋಗಿ ಮುತ್ತುಗದ ಹೂ ಆರಿಸಿ ತಂದು, ಕುದಿಸಿ, ಆ ನೀರಿನಲ್ಲಿ ಸುಣ್ಣದ ಪುಡಿಗೆ ಕೇಸರಿ ಬಣ್ಣ ಕಟ್ಟುತ್ತಿದ್ದ. ಪ್ರತಿ ವರ್ಷ ಮಾರ್ಚ್ ಇಪ್ಪತ್ತೊಂದರ ಹೊಸವರ್ಷದ ಹಬ್ಬ ನವರೋಜ್‌ಗೆ ಒಂದು ಹೊಸ ಡಬ್ಬಿ ಆಗಲೇಬೇಕು.

"ಹೋಶಂಗ್, ಅದು ದಾಲ್ ಮಾಡೋ ಪಾತ್ರೆ!" ಎಂದು ಹೆಂಡತಿ ಹಿಲ್ಲಾ ಕೂಗುತ್ತಿದ್ದಳು. "ನಾಳೆ ಮಧ್ಯಾಹ್ನ ಹೂವಿನ ಸಾರೇ ಬಡಿಸ್ತೀನಿ, ಉಂಡು ಮಲಗು."

"ಬಣ್ಣ ನೋಡೇ, ಬಣ್ಣ! ಮರದ ಮೇಲಿದ್ದದ್ದು ನೀರಿಗೆ ಹೇಗೆ ಬಂತು ನೋಡು."

ಅರವತ್ತಾರು ವರ್ಷದ ಗಂಡಸು ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದ, ಪ್ರತಿ ವರ್ಷವೂ ಮೊದಲ ಸಲ ಕಂಡವನ ಹಾಗೆ. ಕಂಡದ್ದಕ್ಕೆಲ್ಲ ಬೆರಗಾಗುವ ಗುಣ ಅವನಿಗೆ ಹುಟ್ಟಿನಿಂದ ಬಂದಿತ್ತು. ಅದರ ಜೊತೆಗೇ ಒಂದು ಕೆಟ್ಟ ಚಟವೂ ಬಂದಿತ್ತು, ಹೇಳಿಬಿಡುತ್ತೇನೆ. ಸೊಟ್ಟಗಿದ್ದದ್ದು ಯಾವುದನ್ನು ಕಂಡರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಪರರ ಮನೆಗೆ ಹೋದರೆ ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿಯೇ ಕುರ್ಚಿಯಲ್ಲಿ ಕೂರುತ್ತಿದ್ದ.

ಆ ವರ್ಷ ಮಾರ್ಚ್ ಮೊದಲ ವಾರ ಎದುರುಮನೆಯ ಪೀರೋಜಾಮಾಯಿ ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದಳು. ಎಂಬತ್ತೆಂಟು ವರ್ಷ, ಎರಡು ಕಣ್ಣಿಗೂ ಪೊರೆ, ನಾಲಗೆ ಮಾತ್ರ ಸಾಣೆ ಹಿಡಿದ ಕತ್ತಿ. ಸೆರಗು ತೆಗೆದರೆ ಒಂದು ತಗಡಿನ ಡಬ್ಬಿ. ತಳವೆಲ್ಲ ಸುಣ್ಣ ಗಟ್ಟಿಯಾಗಿ ಕಲ್ಲಾಗಿತ್ತು, ಒಂದು ತೂತೂ ಕಾಣುತ್ತಿರಲಿಲ್ಲ.

"ಡೀಕ್ರಾ, ಮಗನೇ, ಇದು ನಮ್ಮಪ್ಪ ಮಾಡಿದ್ದು. ಅಟ್ಟದಲ್ಲಿ ಸಿಕ್ತು," ಎಂದಳು. "ಅಮ್ಮ ಸತ್ತ ಮೇಲೆ ಯಾರೂ ಮುಟ್ಟಿರ್ಲಿಲ್ಲ. ಈ ನವರೋಜ್‌ಗೆ ನನ್ನ ಹೊಸ್ತಿಲ ಮೇಲೆ ಬರಬೇಕು."

"ಅವಸರ ಏನು ಮಾಯಿ? ಸಾವಕಾಶವಾಗಿ ಮಾಡೋಣ. ಇದು ನಾಜೂಕಿನ ಕೆಲಸ."

"ಅವಸರ ನನಗಲ್ಲ, ಕಣ್ಣಿಗೆ. ಹೋದ ವರ್ಷ ನಿನ್ನ ಮೂಗು ಕಾಣ್ತಿತ್ತು. ಈಗ ಮುಖ ಇದೆ ಅಂತಷ್ಟೇ ಗೊತ್ತಾಗುತ್ತೆ. ನಷ್ಟವೇನಿಲ್ಲ ಬಿಡು, ಅಂಥಾ ಮೂಗೇನಲ್ಲ. ಆದ್ರೆ ಮುಂದಿನ ನವರೋಜ್‌ಗೆ ನೆಲ ಯಾವುದು ರಂಗೋಲಿ ಯಾವುದು ಅಂತಾನೂ ಗೊತ್ತಾಗಲ್ಲ. ಇದೊಂದು ಸಲ ನೋಡ್ಬೇಕು." ಹೊಸ್ತಿಲು ದಾಟುತ್ತ ತಿರುಗಿ ನಿಂತು ಹೇಳಿದಳು: "ಇದ್ದದ್ದು ಇದ್ದ ಹಾಗೇ ಬೇಕು, ಕೇಳಿಸ್ತಾ?"

ಅಂದಿನಿಂದ ಹೋಶಂಗ್ ಹೊಸ ಡಬ್ಬಿಯ ಮಾತೇ ಬಿಟ್ಟ. ತಗಡು ಹಪ್ಪಳದಷ್ಟು ತೆಳ್ಳಗಾಗಿತ್ತು. ಸೂಜಿ ಹಾಕಿ ಚುಚ್ಚಿದರೆ ಸೀಳಿಹೋಗುವುದು ಖಂಡಿತ. ಕಾಂಪೌಂಡರ್ ಬುದ್ಧಿ ಆಗ ಕೈಹಿಡಿಯಿತು. ಸುಣ್ಣಕ್ಕೆ ಹುಳಿ ಶತ್ರು. ಕಣ್ಣಿಗೆ ಔಷಧಿ ಬಿಡುವ ಗಾಜಿನ ನಳಿಗೆಯಲ್ಲಿ ಕಬ್ಬಿನ ವಿನೆಗರ್ ಹೀರಿ ಒಂದೊಂದೇ ಹನಿ ಬಿಟ್ಟ. ಹನಿ ಬಿದ್ದಲ್ಲಿ ಬುಸ್ಸೆಂದು ನೊರೆ ಎದ್ದು ಇಳಿಯುತ್ತಿತ್ತು. ಹುಳಿ ತಗಡನ್ನು ತಿನ್ನುವ ಮೊದಲೇ ಹತ್ತಿಯಲ್ಲಿ ಒರೆಸಿ, ನೀರಲ್ಲಿ ತೊಳೆದು, ಎಣ್ಣೆ ಸವರಬೇಕು. ದಿನಕ್ಕೆ ಮೂವತ್ತು ತೂತು ತೆರೆದರೆ ಅದೇ ಹೆಚ್ಚು. ಮನೆಯೆಲ್ಲ ಉಪ್ಪಿನಕಾಯಿ ಜಾಡಿಯಂತೆ ನಾರುತ್ತಿದೆಯೆಂದು ಹಿಲ್ಲಾ ಗೊಣಗಿದಳು, ಆದರೂ ಹಳೆಯ ದಿಂಬು ಹರಿದು ಹತ್ತಿ ಕೊಟ್ಟವಳು ಅವಳೇ.

ಹದಿಮೂರನೆಯ ದಿನ ಬೆಳಿಗ್ಗೆ ಕೊನೆಯ ತೂತು ತೆರೆಯಿತು. ಹೋಶಂಗ್ ಡಬ್ಬಿಯನ್ನು ಎತ್ತಿ ಅಡಿಗೆಮನೆಯ ಕಿಟಕಿಯ ಬಿಸಿಲಿಗೆ ಹಿಡಿದ. ಎದುರಿನ ಮಸಿ ಹಿಡಿದ ಗೋಡೆಯ ಮೇಲೆ ಎರಡು ಹುಂಜಗಳು ಬೆಳಕಿನ ಚುಕ್ಕೆಗಳಲ್ಲಿ ಎದ್ದು ನಿಂತವು. ಎದುರುಬದುರು, ಎದೆ ಸೆಟೆಸಿ, ಬಾಲದ ಒಂದೊಂದು ಗರಿಯೂ ಬಳುಕಿ, ಕಾಲ ಕೆಳಗೆ ಸಣ್ಣ ಅಲೆ, ಅಲೆಯಲ್ಲಿ ಮೀನಿನ ಸಾಲು. ಡಬ್ಬಿ ಚೂರು ಓರೆಯಾದಾಗ ಹುಂಜಗಳ ಕತ್ತೂ ಕೊಂಕಿತು. ಹಿಲ್ಲಾ ಸೌಟು ಹಿಡಿದುಕೊಂಡೇ ಬಂದು ನಿಂತಳು. ಹೊರಟಿದ್ದ ಬೈಗುಳ ಬಾಯಲ್ಲೇ ಉಳಿಯಿತು.

"ಅಯ್ಯೋ ಖೋದಾಯ್," ಎಂದಳು ಮೆಲ್ಲಗೆ. "ಇವೇನು ಕೂಗಿಬಿಡ್ತಾವಾ?"

ಹೋಶಂಗನ ಕಣ್ಣಲ್ಲಿ ನೀರು. ನೂರ ನಲವತ್ತೊಂದು ಡಬ್ಬಿ ಸೇರಿಸಿಟ್ಟವನು ತಾನು, ಇಂಥ ಕೈಯನ್ನು ಕಂಡಿರಲಿಲ್ಲ. ಎಲ್ಲಿ ತೂತು ಹತ್ತಿರವಿರಬೇಕು, ಎಲ್ಲಿ ದೂರವಿರಬೇಕು, ಪುಡಿ ಎಲ್ಲಿ ದಟ್ಟವಾಗಿ ಬೀಳಬೇಕು ಎಂಬುದೆಲ್ಲ ಮೊಳೆ ಹಿಡಿದ ಆ ಮನುಷ್ಯನಿಗೆ ಗೊತ್ತಿತ್ತು. ಪೀರೋಜಾಮಾಯಿಯ ಅಪ್ಪ ಬಂದರಿನಲ್ಲಿ ಮೂಟೆ ಲೆಕ್ಕ ಬರೆಯುತ್ತಿದ್ದ ಗುಮಾಸ್ತ. ಇಷ್ಟು ದೊಡ್ಡ ಕಲಾವಿದ ನಮ್ಮ ಓಣಿಯಲ್ಲಿ ಇದ್ದು, ಬದುಕಿ, ಸತ್ತದ್ದು ಯಾರಿಗೂ ತಿಳಿದಿರಲಿಲ್ಲ. ಹೋಶಂಗ್ ಡಬ್ಬಿಯನ್ನು ಹಣೆಗೆ ಒತ್ತಿಕೊಂಡ.

ಆಮೇಲೆ ಅವನ ಕಣ್ಣು ಬಲಮೂಲೆಗೆ ಹೋಯಿತು. ಮೀನಿನ ಸಾಲಿನ ಆಚೆ, ಅಂಚಿನ ಹತ್ತಿರ, ಒಂಬತ್ತು ತೂತುಗಳು. ದೊಡ್ಡವು, ಬಾಯಿ ಹರಿದವು, ಅಡ್ಡಾದಿಡ್ಡಿ. ಎರಡು ಒಂದಕ್ಕೊಂದು ತಾಗಿ ಸೇರಿಯೇಹೋಗಿದ್ದವು. ಗೋಡೆಯ ಮೇಲೆ ಅಲ್ಲೊಂದು ಬೆಳಕಿನ ಗಲೀಜು.

"ತುಕ್ಕು ತಿಂದಿದೆ," ಎಂದ. "ಮುಚ್ಚಿಬಿಡ್ತೀನಿ."

"ಮಾಯಿನ ಒಂದು ಮಾತು ಕೇಳು."

"ಕೇಳೋದೇನಿದೆ? ಇಂಥಾ ಕೈ ಇರೋನು ಇಲ್ಲಿ ಹೀಗೆ ಹೊಡೀತಾನಾ? ತಗಡಿನ ವಿಷಯ ನನಗೆ ಗೊತ್ತು ಹಿಲ್ಲಾ."

ಗೊತ್ತು ಎಂದವನಿಗೆ ಹೇಳುವವರಾರು? ಅಂದು ಮಧ್ಯಾಹ್ನವೇ ಸೀಸ ಕರಗಿಸಿ ಒಂಬತ್ತಕ್ಕೂ ಒಂದೊಂದು ಹನಿ ಬೆಸುಗೆ ಹಾಕಿ, ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡಿದ. ಬೆರಳಾಡಿಸಿದರೂ ತಿಳಿಯದ ಹಾಗಿತ್ತು. ದೊಡ್ಡವನ ಕೆಲಸಕ್ಕೆ ತನ್ನದೂ ಒಂದು ಸಣ್ಣ ಸೇವೆ ಸಂದಿತೆಂದು ಆ ದಿನವೆಲ್ಲ ಸೀಟಿ ಹಾಕಿಕೊಂಡು ತಿರುಗಿದ.

ನವರೋಜ್ ಬೆಳಿಗ್ಗೆ ಓಣಿಯಲ್ಲೆಲ್ಲ ಲೋಬಾನದ ಹೊಗೆ, ತುಪ್ಪದಲ್ಲಿ ಸೇವಿಗೆ ಹುರಿಯುವ ಘಮ. ಬಿಳಿ ಅಂಗಿ ಕಪ್ಪು ಟೋಪಿ ತೊಟ್ಟು ಅಗಿಯಾರಿಗೆ, ಅಂದರೆ ನಮ್ಮ ಅಗ್ನಿಮಂದಿರಕ್ಕೆ, ಹೊರಟವರು ಸುದ್ದಿ ಕೇಳಿ ಪೀರೋಜಾಮಾಯಿಯ ಬಾಗಿಲಲ್ಲೇ ನಿಂತರು. ಗುಲಾಬಿ ತೋರಣದ ಕೆಳಗೆ, ತೊಳೆದ ಕರಿಕಲ್ಲಿನ ಮೇಲೆ ಹೋಶಂಗ್ ಡಬ್ಬಿ ಇಟ್ಟ. ಎರಡು ತಟ್ಟು ತಟ್ಟಿ, ಉಸಿರು ಬಿಗಿಹಿಡಿದು, ನೆಟ್ಟಗೆ ಮೇಲಕ್ಕೆತ್ತಿದ.

ಪಾವ್ ಹೋಶಂಗ್ ತಲೆಯ ಟೋಪಿ ಸರಿಮಾಡಿಕೊಂಡ, ಅಗಿಯಾರಿಯ ಒಳಗೆ ಕಾಲಿಟ್ಟವನ ಹಾಗೆ. ಒಂದು ಚುಕ್ಕೆ ಹೆಚ್ಚಿಲ್ಲ, ಒಂದು ಚುಕ್ಕೆ ಕಡಿಮೆಯಿಲ್ಲ. ಹುಂಜಗಳು ಆ ಕ್ಷಣ ಮುಗಿಲಿನಿಂದ ಇಳಿದ ಹಾಗಿದ್ದವು.

ಪೀರೋಜಾಮಾಯಿ ಮಂಡಿಯೂರಿ ಕೂತಳು. ಮುಖ ನೆಲಕ್ಕೆ ತಾಗುವಷ್ಟು ಬಗ್ಗಿದಳು. ಹುಂಜಗಳನ್ನು ಆಕೆ ನೋಡಲೇ ಇಲ್ಲ. ಸೀದಾ ಬಲಮೂಲೆಗೆ ಹೋಗಿ, ಅಲ್ಲೇ ಆಚೀಚೆ ಹುಡುಕಿ, ಕಣ್ಣುಜ್ಜಿಕೊಂಡು ಮತ್ತೆ ಹುಡುಕಿದಳು.

"ಹೋಯ್ತು," ಎಂದಳು. "ಇಷ್ಟು ಬೇಗ ಹೋಯ್ತಾ ಕಣ್ಣು? ಹುಂಜ ಕಾಣುತ್ತೆ, ಮೀನು ಕಾಣುತ್ತೆ... ಹಿಲ್ಲಾ, ಇಲ್ಲಿ ನೋಡಮ್ಮ, ಇಲ್ಲಿ ಮೂಲೇಲಿ ಏನಿದೆ?"

ಹಿಲ್ಲಾ ಗಂಡನ ಮುಖ ನೋಡಿದಳು.

"ಏನಿರಬೇಕಿತ್ತು ಮಾಯಿ?" ಎಂದು ಕೇಳಿದ ಹೋಶಂಗ್.

"ನನ್ನ ಕೋಳಿಮರಿ! ನನಗೆ ನಾಲ್ಕು ವರ್ಷ. ಅಪ್ಪ ಎಲ್ಲಾ ಮುಗಿಸಿ ಡಬ್ಬಿ ನನ್ನ ಮುಂದಿಟ್ಟು, 'ಹುಂಜ ನಾನು ಮಾಡ್ದೆ, ಮರಿ ನೀನು ಮಾಡು' ಅಂದ. ದೊಡ್ಡ ಮೊಳೆ, ಸುತ್ತಿಗೆ ಎತ್ತೋಕೇ ಆಗ್ತಿರ್ಲಿಲ್ಲ ನನಗೆ. ಒಂಬತ್ತು ಏಟು. ಅಮ್ಮ ಹಣೆ ಬಡ್ಕೊಂಡ್ಳು, ಇಂಥಾ ಚಿತ್ರ ಹಾಳಾಯ್ತಲ್ಲ ಅಂತ. ಅಪ್ಪ ಮಾತ್ರ ನವರೋಜ್ ಬಂದ್ರೆ ಬಾಗಿಲಲ್ಲಿ ನಿಂತು ಹೋಗೋರು ಬರೋರನ್ನೆಲ್ಲ ಕರೀತಿದ್ದ. 'ಬನ್ನಿ, ನೋಡಿ ಬನ್ನಿ, ನಮ್ಮ ಪೀರೋಜಾ ಮಾಡಿದ್ದು' ಅಂತ. ಹುಂಜದ ಮಾತೇ ಎತ್ತುತ್ತಿರಲಿಲ್ಲ." ಆಕೆ ನಿಟ್ಟುಸಿರಿಟ್ಟಳು. "ಅದನ್ನ ನೋಡೋಕೇ ಡಬ್ಬಿ ತಂದ್ಕೊಟ್ಟೆ. ಕಣ್ಣು ಕೈಕೊಡ್ತು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಹೋಶಂಗನಿಗೆ. ಸುಮ್ಮನಿದ್ದರೆ ಆಗುತ್ತಿತ್ತು. ತಪ್ಪು ಕಣ್ಣಿನ ಪೊರೆಯದೆಂದು ಮುದುಕಿ ತಾನೇ ನಂಬಿಕೊಂಡಿದ್ದಳು. ಆದರೆ ಅವನು ಅಂಥವನಲ್ಲ.

"ಕಣ್ಣಲ್ಲ ಮಾಯಿ," ಎಂದ. "ನಾನು. ತುಕ್ಕು ಅಂದ್ಕೊಂಡು ಬೆಸುಗೆ ಹಾಕಿ, ಮರಳುಕಾಗದ ತಿಕ್ಕಿ ಮುಚ್ಚಿದೆ."

ಮುದುಕಿ ನೆಲಕ್ಕೆ ಕೈಯೂರಿ ಅವನತ್ತ ತಿರುಗಿದಳು.

"ಗಧೇಡಾ!" ಎಂದಳು ಪೀರೋಜಾಮಾಯಿ. "ಕತ್ತೆ ನನ್ಮಗನೇ! ನಿನ್ನ ಕೈಗೆ ನವೆ ಹತ್ತ! ದೇವರು ನನ್ನ ಸೊಂಟ ಸೊಟ್ಟ ಮಾಡಿದಾನೆ, ಅದನ್ನೂ ಮರಳುಕಾಗದ ಹಾಕಿ ತಿಕ್ಕಿಬಿಡು ಬಾ!" ಬೈದು ಬೈದು ಸುಸ್ತಾದ ಮೇಲೆ ಆಕೆಯ ದನಿ ಇಳಿಯಿತು. "ತೆಗೆಯೋಕಾಗುತ್ತೇನೋ ಡೀಕ್ರಾ?"

ಬಿಸಿ ಮಾಡುವ ಹಾಗಿರಲಿಲ್ಲ, ಎರಡನೆಯ ಸಲದ ಕಾವಿಗೆ ಆ ತಗಡು ಉಳಿಯದು. ಹೋಶಂಗ್ ಮನೆಗೆ ಓಡಿ ದಬ್ಬಳ ತಂದು ಜಗಲಿಯ ಮೇಲೆ ಕೂತ. ಸೀಸ ಮೆತ್ತಗೆ. ಕೆರೆದರೆ ಬರುತ್ತದೆ, ಆದರೆ ಕೂದಲೆಳೆ ಜಾರಿದರೂ ಹುಂಜದ ಬಾಲದವರೆಗೆ ಸೀಳು ಬೀಳುತ್ತದೆ. ಬೆವರು ಕಣ್ಣಿಗಿಳಿಯಿತು, ಹಿಲ್ಲಾ ಸೆರಗಿನಿಂದ ಒರೆಸಿದಳು. ಅಗಿಯಾರಿಗೆ ಹೊರಟಿದ್ದವರಲ್ಲಿ ಒಬ್ಬರೂ ಕದಲಲಿಲ್ಲ. ಒಂದು ಹನಿ ಸೀಸ ಉದುರಿತು, ಕೆಳಗೆ ಆ ಹರಿದ ಬಾಯಿ ಹಾಗೇ ಇತ್ತು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ, ಮೊಳೆ ಒಂದು ಸಲ ಜಾರಿ, ಗೀರು ಎಳೆದು, ಮತ್ತೆ ಅದೇ ಜಾಗಕ್ಕೆ ಬಂದು ಕೂತ ಗುರುತು. ಇದು ತುಕ್ಕೇ? ಇಷ್ಟು ದೊಡ್ಡದಾಗಿ ಬರೆದಿಟ್ಟದ್ದು ತನಗೆ ಹೇಗೆ ಕಾಣಲಿಲ್ಲ! ನಾಲ್ಕು ವರ್ಷದ ಕೈಯ ಬಲವೆಲ್ಲ ಆ ತಗಡಿನಲ್ಲಿ ಎಂಬತ್ತನಾಲ್ಕು ವರ್ಷ ಕೂತಿತ್ತು. ಹುಂಜಗಳನ್ನು ಕಂಡಾಗ ಬಂದಿದ್ದ ಕಣ್ಣೀರಿಗಿಂತ ಬೇರೆಯದೇ ಏನೋ ಹೋಶಂಗನ ಎದೆಯಲ್ಲಿ ಉಕ್ಕಿತು. ಒಂಬತ್ತನೆಯದನ್ನು ಬಿಡಿಸುವ ಹೊತ್ತಿಗೆ ಬಿಸಿಲು ಜಗಲಿ ಏರಿತ್ತು.

ಹೊಸ್ತಿಲ ಮೇಲಿನ ಒಂದೂ ಕುಂದಿಲ್ಲದ ಆ ಚಿತ್ರವನ್ನು ಅವನೇ ಅಂಗೈಯಿಂದ ಒರೆಸಿ ಹಾಕಿದ. ಡಬ್ಬಿಯನ್ನು ಮತ್ತೆ ಇಟ್ಟು, ಪೀರೋಜಾಮಾಯಿಯ ಕೈ ಹಿಡಿದು ಅದರ ಮೇಲಿರಿಸಿದ. ಆಕೆಯೇ ತಟ್ಟಿದಳು. ಎತ್ತಿದಾಗ ಹುಂಜಗಳ ಪಕ್ಕದಲ್ಲಿ ದೊಡ್ಡ ದೊಡ್ಡ ಬಿಳಿ ಗುಪ್ಪೆಗಳ ಒಂದು ಗೊಂದಲ ಕೂತಿತ್ತು. ಪೊರೆಗಣ್ಣಿಗೂ ಎದ್ದು ಕಾಣುವಷ್ಟು ದಪ್ಪಗೆ ಪುಡಿ ಬಿದ್ದಿತ್ತು.

ಆಕೆ ಎಷ್ಟೋ ಹೊತ್ತು ಬಗ್ಗಿಯೇ ಇದ್ದಳು. ಬೆನ್ನು ಸಣ್ಣಗೆ ಅಲುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ. ಆಮೇಲೆ ತಲೆಯೆತ್ತಿದಳು.

"ಕೋಳಿಮರಿ ಅಂತ ಯಾರಿಗೂ ಗೊತ್ತಾಗಲ್ಲ, ಅಲ್ವಾ?"

"ಇಲ್ಲ ಮಾಯಿ," ಎಂದ ಹೋಶಂಗ್.

"ಆಗಲೂ ಗೊತ್ತಾಗ್ತಿರಲಿಲ್ಲ. ಅದಕ್ಕೇ ಅಪ್ಪ ಬಾಗಿಲಲ್ಲಿ ನಿಂತಿರ್ತಿದ್ದ."

ಜನ ಅಗಿಯಾರಿಗೆ ಹೋದರು, ಬಂದರು. ಪಕ್ಕದ ಓಣಿಯವರು ಹಬ್ಬದ ಮುಬಾರಕ್ ಹೇಳಲು ಗುಂಪುಗುಂಪಾಗಿ ಬರತೊಡಗಿದರು. ಹಿಲ್ಲಾ ಸೇವಿಗೆ ಮೊಸರು ಬಡಿಸಿಟ್ಟು ಎರಡು ಸಲ ಊಟಕ್ಕೆ ಕರೆದಳು, ಹೋಶಂಗ್ ಹೋಗಲಿಲ್ಲ. ಪೀರೋಜಾಮಾಯಿಯ ಹೊಸ್ತಿಲ ಪಕ್ಕದಲ್ಲೇ ನಿಂತು, ಹುಂಜಗಳ ಚೆಂದಕ್ಕೆ ಬಾಯಿ ಬಿಟ್ಟವರನ್ನೆಲ್ಲ ರಟ್ಟೆ ಹಿಡಿದು ಬಲಮೂಲೆಗೆ ಎಳೆದು ತರುತ್ತಿದ್ದ.

"ಅದಿರಲಿ, ಇಲ್ಲಿ ಬನ್ನಿ, ಇದನ್ನ ನೋಡಿ," ಎನ್ನುತ್ತಿದ್ದ. "ಕೋಳಿಮರಿ. ನಮ್ಮ ಪೀರೋಜಾ ಮಾಡಿದ್ದು."