ಕಪ್ಪು ಕೋಟಿನೆದುರು ಎಲ್ಲರೂ ಸುಖಿಗಳು

ಪೆರ್ನಿಕ್ ಪಟ್ಟಣದ ಹಳೆಯ ವಸತಿ ಕಟ್ಟಡವೊಂದರ ಬಾಗಿಲಿಗೆ ಅಂಟಿಸಿದ ಕಾಲಿನ್‌ನ ಸಾವಿನ ಸುದ್ದಿಯ ಹಾಳೆ ಇನ್ನೂ ಹೊಸದಾಗಿದೆ. ಮೊನ್ನೆ ಮಣ್ಣು ಮಾಡಿದರು. ನೆಂಟರೆಲ್ಲ ಹೋಗಿಯಾಗಿದೆ. ಬೆಳಿಗ್ಗೆ ಏಳಕ್ಕೆ ಅವನ ಹೆಂಡತಿ ರಾಲಿತ್ಸಾ ಕಪ್ಪು ಕೋಟು ತೊಟ್ಟು, ಸಮೀಕ್ಷೆಯ ಹಾಳೆಗಳ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತಾಳೆ.

ದೇಶದ ಆರ್ಥಿಕ ಸ್ಥಿತಿ ನಿಮಗೆ ತೃಪ್ತಿ ತಂದಿದೆಯೇ ಎಂದು ಮನೆಮನೆಗೆ ಹೋಗಿ ಕೇಳುವುದು ಹನ್ನೊಂದು ವರ್ಷದಿಂದ ಈಕೆಯ ಕೆಲಸ. ಉತ್ತರ ಸೊನ್ನೆಯಿಂದ ಹತ್ತರೊಳಗೆ. ದಿನಕ್ಕೆ ನಲವತ್ತು ಬಾಗಿಲು ತಟ್ಟಿದರೆ ಹನ್ನೆರಡು ತೆರೆಯುತ್ತವೆ. "ಸಂಬಳ ಏರಿದೆಯಾ ಅಂದ್ರೆ ಹೌದು ಅಂತಾರೆ. ತೃಪ್ತಿನಾ ಅಂದ್ರೆ ಕಿಟಕಿಯಾಚೆ ನೋಡ್ತಾರೆ." ಇಲ್ಲಿ ಚಳಿ ತಡೆಯಲು ಪ್ರತಿಯೊಬ್ಬರೂ ತಮ್ಮ ಪಾಲಿನ ಹೊರಗೋಡೆಗಷ್ಟೇ ಹೊದಿಕೆ ಹಾಕಿಸುತ್ತಾರೆ. ಯಾರ ಕೈಯಲ್ಲಿ ಕಾಸಿದೆ ಎಂಬುದು ಬೀದಿಗೇ ಕಾಣುತ್ತದೆ. "ಒಬ್ಬರ ಗೋಡೆಗೆ ಹೊಸ ಹೊದಿಕೆ ಬಂದ ವಾರ ಎದುರುಮನೆಯವರು ಮೂರಕ್ಕೆ ಇಳೀತಾರೆ."

ಇವತ್ತು ಯಾರೂ ಇಳಿಯುತ್ತಿಲ್ಲ. ಪಿಂಚಣಿಯನ್ನು ಬೈಯುತ್ತಲೇ ಬಾಗಿಲು ತೆರೆದ ಸ್ತಾಂಕಾ ಅಜ್ಜಿ ಕಪ್ಪು ಕೋಟು ಕಂಡದ್ದೇ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾಳೆ. "ದೇವರು ನಿನ್ನ ಗಂಡನ ಪಾಪ ಕ್ಷಮಿಸಿ ಶಾಂತಿ ಕೊಡಲಿ, ಮಗಳೇ. ಎಂಟು ಬರಕೋ. ನಾವು ಗೊಣಗಬಾರದು."

ಮುಂದಿನ ಮನೆಯಲ್ಲೂ ಎಂಟು. ಅದರಾಚೆ ಒಂಬತ್ತು. ಮಧ್ಯಾಹ್ನದ ಹೊತ್ತಿಗೆ ಆಕೆಗೆ ಅರ್ಥವಾಗುತ್ತದೆ. ಇವರೆಲ್ಲ ನೋಡುತ್ತಿರುವುದು ಕಿಟಕಿಯಾಚೆ ಅಲ್ಲ, ತನ್ನನ್ನು. ಇಷ್ಟೊಂದು ಸಂತೃಪ್ತರನ್ನು ಕಂಡರೆ, ಮನೆಯಲ್ಲೇ ಕೂತು ತಾನೇ ಅಂಕ ತುಂಬಿದ್ದಾಳೆಂದು ಕಚೇರಿಯವರು ಕೆಲಸದಿಂದ ತೆಗೆಯುತ್ತಾರೆ. ಕೋಟು ಬಿಚ್ಚಿಡೋಣವೆಂದರೆ ಗಂಡ ಸತ್ತವಳು ವರ್ಷವಿಡೀ ಕಪ್ಪು ತೊಡಬೇಕು.

ಕೊನೆಯ ಬಾಗಿಲು ಗಣಿಯಿಂದ ನಿವೃತ್ತನಾದ ಮನೋಲ್ ಮಾವನದು.

"ಎರಡು," ಎನ್ನುತ್ತಾನೆ.

"ನನ್ನ ನೋಡಿದ ಮೇಲೂನಾ?"

"ನೀನು ಅತ್ತರೆ ನನ್ನ ಪಿಂಚಣಿ ಏರುತ್ತಾ? ಎರಡೇ. ಮತ್ತೆ, ನಿನ್ನ ಗಂಡ ನನ್ನ ಡ್ರಿಲ್ ಒಯ್ದಿದ್ದ. ಅವನನ್ನಂತೂ ಕೇಳೋ ಹಾಗಿಲ್ಲ."

ಆ ವಾರದಲ್ಲಿ ಮೊದಲ ಸಲ ರಾಲಿತ್ಸಾ ನಗುತ್ತಾಳೆ. ಮೆಟ್ಟಿಲ ಮೇಲೆ ಕೂತು ಹನ್ನೆರಡೂ ಹಾಳೆಗಳ ಅಂಚಿನಲ್ಲಿ ಬರೆಯುತ್ತಾಳೆ: ಕೇಳಿದವಳು ಸೂತಕದಲ್ಲಿದ್ದಳು. "ಬೇಕಾದ್ರೆ ತೆಗೀಲಿ. ಸುಳ್ಳು ಅಂಕಕ್ಕೆ ನನ್ನ ಸಹಿ ಬೇಡ."

ಸಂಜೆ ಮಂಚದಡಿ ಸಿಕ್ಕ ಡ್ರಿಲ್ಲನ್ನು ಒರೆಸಿ ಒಯ್ಯುತ್ತಾಳೆ. ಮನೋಲ್ ಅದನ್ನು ಗೋಡೆಗೆ ಚುಚ್ಚಿ ತಿರುಗಿಸಿ ನೋಡುತ್ತಾನೆ.

"ಓಡ್ತಿದೆಯಲ್ಲ! ಮೂರು ಮಾಡ್ಕೋ ಹಾಗಾದ್ರೆ."

"ಆಗೋದಿಲ್ಲ ಮಾವ," ಎನ್ನುತ್ತಾಳೆ ರಾಲಿತ್ಸಾ. "ಕೇಳಿದಾಗ ಹೇಳಿದ್ದೇ ಲೆಕ್ಕ."