ಸ್ನಾನದಮ್ಮನ ಮೊಣಕೈ

ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹುಟ್ಟಿದ ಮಕ್ಕಳು ಮೊದಲು ನೋಡುವುದು ಡಾಕ್ಟರ ಮುಖವನ್ನೇ ಇರಬಹುದು, ಆದರೆ ಮೊದಲು ಬಾಯಿಗೆ ಬಂದಂತೆ ಬೈಯುವುದು ಮಾತ್ರ ತನ್ನನ್ನೇ ಎಂದು ಸ್ನಾನದಮ್ಮ ಹೇಳಿಕೊಂಡು ನಗುತ್ತಿದ್ದಳು. ಎಳೆಗೂಸುಗಳಿಗೆ ಸ್ನಾನ ಮಾಡಿಸುವ ಆಯಾ ಅವಳು. ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೊಂದು ಹೆಸರಿತ್ತು, ಆದರೆ ಅದನ್ನು ಬಳಸಿದವರಿಲ್ಲ. ಒಮ್ಮೆ ಬ್ಯಾಂಕಿನಲ್ಲಿ ಆ ಹೆಸರು ಹಿಡಿದು ಕೂಗಿದಾಗ ಯಾರಪ್ಪ ಅದು ಎಂದು ಅವಳೇ ಹಿಂತಿರುಗಿ ನೋಡಿದ್ದಳಂತೆ.

ವಾರ್ಡಿನ ತುದಿಯಲ್ಲಿ ಗಾಜಿನ ಕಿಟಕಿಯ ಸ್ನಾನದ ಕೋಣೆ. ಎತ್ತರದ ಕಟ್ಟೆಯ ಮೇಲೆ ಸ್ಟೀಲಿನ ಬೋಗುಣಿ, ಅದರ ಮೇಲೆ ಎರಡು ನಲ್ಲಿ, ಒಂದರಲ್ಲಿ ತಣ್ಣೀರು, ಇನ್ನೊಂದರಲ್ಲಿ ನೆಲಮಾಳಿಗೆಯ ಬಾಯ್ಲರಿನಿಂದ ಏರಿ ಬರುವ ಸುಡುನೀರು. ಅವಳು ಎರಡನ್ನೂ ಬೆರೆಸಿ, ತೋಳು ಮಡಚಿ, ಮೊಣಕೈಯನ್ನು ನೀರಿಗೆ ತಾಗಿಸಿ ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದಳು. ಆಮೇಲೆ "ಹೂಂ" ಅನ್ನುತ್ತಿದ್ದಳು. ಆ ಹೂಂ ಕೇಳಿದರೆ ಸಾಕು, ಗಾಜಿನಾಚೆ ನಿಂತ ಬಾಣಂತಿಗೆ ಹೋದ ಜೀವ ಬಂದಂತಾಗುತ್ತಿತ್ತು. ಆಡಳಿತದವರು ನೀರಿನ ಬಿಸಿ ಅಳೆಯುವ ಥರ್ಮಾಮೀಟರ್ ಒಂದನ್ನು ಎಂದೋ ಕಳಿಸಿದ್ದರು. ಅದು ನಲ್ಲಿಯ ಮೇಲಿನ ಮೊಳೆಗೆ ನೇತು ಬಿದ್ದಿತ್ತು. "ಗಾಜಿನ ಕಡ್ಡಿಗೆ ಮಗೂ ಚರ್ಮದ ಸುದ್ದಿ ಏನು ಗೊತ್ತು?" ಅನ್ನುತ್ತಿದ್ದಳು. ಹೊಸ ಆಯಾಗಳಿಗೆಲ್ಲ ಮೊಣಕೈ ವಿದ್ಯೆಯನ್ನು ಧಾರೆ ಎರೆದವಳೇ ಅವಳು. ಅವಳಿಗೆ ಅದರ ಜಂಬ ಇತ್ತು, ಇರಬೇಕಾದದ್ದೇ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಬದುಕಿಗೆ ಬೆಂಕಿ ಬಿದ್ದದ್ದು ಅವಳು ಐವತ್ತು ದಾಟಿದ ಮೇಲೆ. ಮುಟ್ಟು ಮೊದಲು ತಿಂಗಳು ತಪ್ಪಿಸಿತು, ಆಮೇಲೆ ನೆನಪಾದಾಗ ಬಂತು, ಕೊನೆಗೆ ಹೇಳದೆ ಕೇಳದೆ ನಿಂತೇ ಹೋಯಿತು. ಪೀಡೆ ತೊಲಗಿತು ಎಂದುಕೊಳ್ಳುವಷ್ಟರಲ್ಲಿ ಈ ಉರಿ ಹಿಡಿಯಿತು. ಎದೆಯ ನಡುವೆ ಯಾರೋ ಕಡ್ಡಿ ಗೀರಿದಂತೆ ಶುರುವಾಗಿ ಕತ್ತಿಗೆ ಏರಿ, ಕಿವಿ ಬಿಸಿಯಾಗಿ, ನೆತ್ತಿಯವರೆಗೆ ಹೋಗುತ್ತಿತ್ತು. ಎದೆ ಡವಗುಟ್ಟುತ್ತಿತ್ತು. ಬೆನ್ನ ಹಿಂದೆ ಬೆವರು ಧಾರೆ ಹರಿದು ಒಳಬಟ್ಟೆ ಒದ್ದೆಯಾಗುತ್ತಿತ್ತು. ಅದು ಇಳಿದ ಮೇಲೆ ಮೈ ಗಡಗಡ ನಡುಗುತ್ತಿತ್ತು. ಬೆಂಕಿಯಿಂದ ಬಾಣಲೆಗೆ, ಬಾಣಲೆಯಿಂದ ಬೆಂಕಿಗೆ ಬೀಳುತ್ತಲೇ ಅವಳ ದಿನ ಕಳೆಯುತ್ತಿತ್ತು.

ಮನೆಯಲ್ಲಿ ಅದು ಫ್ಯಾನಿನ ಜಗಳವಾಯಿತು. ಅವಳ ಗಂಡ ಬೀಗ ರಿಪೇರಿಯವನು, ಎಂಥ ಬೀಗವನ್ನೂ ತೆಗೆಯುವ ಗಟ್ಟಿಗ. ಹೆಂಡತಿ ಬಾಯಿ ಬಿಡದಿದ್ದರೆ ಮಾತ್ರ ಅವನಿಗೆ ಕೀಲಿ ಸಿಗುತ್ತಿರಲಿಲ್ಲ. ಅವಳು ಫ್ಯಾನ್ ಹಾಕುವುದು, ಅವನು ಕಂಬಳಿ ಎಳೆದುಕೊಳ್ಳುವುದು, ಅವಳು ಕಿಟಕಿ ತೆಗೆಯುವುದು, ಅವನು ಸೀನುವುದು.

"ಏನಾಗಿದೆ ನಿಂಗೆ?" ಎಂದು ಕೇಳಿದ ಒಂದು ಬೆಳಗ್ಗೆ.

"ಏನೂ ಇಲ್ಲ. ಸೆಕೆ."

"ಹೊರಗೆ ಚಳಿ ಇದೆಯಲ್ಲೇ."

"ನಿಮಗೆ ಚಳಿ ಇದ್ರೆ ನನಗೂ ಚಳೀನೇ ಇರಬೇಕಾ?" ಎಂದು ಎಗರಿಬಿದ್ದಳು. ಪಾಪ, ಅವನು ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲಿನ ಮೇಲೆ ಕೂತು ತಿಂದ.

ಅಕ್ಕನಿಗೆ ಫೋನ್ ಮಾಡಿದರೆ, "ಎಲ್ಲರಿಗೂ ಆಗತ್ತೆ ಕಣೇ, ಯಾರೂ ಸತ್ತಿಲ್ಲ" ಎಂದು ಆ ಕಡೆಯಿಂದ ಉತ್ತರ ಬಂತು. ಸಾಯದೆ ಬದುಕುವುದು ಹೇಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ತನಗೆ ತೋಚಿದ್ದನ್ನು ತಾನೇ ಮಾಡಿಕೊಂಡಳು. ಟೀ ಬಿಟ್ಟಳು. ನೈಲಾನ್ ಬಟ್ಟೆ ಬಿಟ್ಟು ಹತ್ತಿಯದು ಉಟ್ಟಳು. ಔಷಧಿ ಡಬ್ಬದ ರಟ್ಟು ಕತ್ತರಿಸಿ ಬೀಸಣಿಗೆ ಮಾಡಿ ಯೂನಿಫಾರ್ಮಿನ ಜೇಬಿನಲ್ಲಿಟ್ಟುಕೊಂಡಳು. ಉರಿ ಬಂದಾಗ ಬಟ್ಟೆ ತರುವ ನೆಪದಲ್ಲಿ ಉಗ್ರಾಣಕ್ಕೆ ಹೋಗಿ ಒದ್ದೆ ಕರವಸ್ತ್ರವನ್ನು ಕತ್ತಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಆ ಕಟ್ಟಡದಲ್ಲಿ ಮೂರು ಬಾಗಿಲಿಗೊಬ್ಬರಂತೆ ಹೆಂಗಸರ ಡಾಕ್ಟರು ಕೂತಿದ್ದರು. ಅವರ ಮುಂದೆ ಬೆಳಗಿನಿಂದ ಸಂಜೆಯವರೆಗೆ ಓಡಾಡುವ ಈ ಹೆಂಗಸು ಒಂದು ಸಲವೂ ಒಳಗೆ ಹೋಗಿ, ನನಗೆ ಹೀಗಾಗುತ್ತಿದೆ ಎನ್ನಲಿಲ್ಲ. ಹೆರುವ ಹೆಂಗಸರಿಗಾಗಿ ಇರುವ ಜಾಗ ಅದು, ಹೆತ್ತು ಮುಗಿಸಿದವರಿಗೆ ಅಲ್ಲೇನು ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಅವಳಿಗೆ ಅದು ಗೊತ್ತಿತ್ತು.

ಇನ್ನೊಂದು ಕಾರಣವೂ ಇತ್ತು. ಕೈ ಸರಿಯಿಲ್ಲ ಎಂದು ಕಂಡ ಆಯಾಗಳನ್ನು ವಾರ್ಡಿನಿಂದ ತೆಗೆದು ನೆಲಮಾಳಿಗೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕುತ್ತಿದ್ದರು. "ಅವಳು ಕೆಳಗೆ ಹೋದಳು" ಎಂದು ವಾರ್ಡಿನವರು ದನಿ ತಗ್ಗಿಸಿ ಹೇಳುತ್ತಿದ್ದರು. ಬಾಯ್ಲರು, ಇಸ್ತ್ರಿ ಯಂತ್ರ, ಹಬೆ, ಕಿಟಕಿಯೆಂದರೆ ಸೂರಿನ ಹತ್ತಿರ ಒಂದು ಗೇಣು. ಮೈಯೊಳಗೇ ಒಲೆ ಹೊತ್ತುಕೊಂಡವಳು ಅಲ್ಲಿ ಹೇಗೆ ಉಸಿರಾಡುವುದು?

ಹೀಗಿರುವಾಗ ಒಂದು ಬೆಳಗ್ಗೆ ಆಗಬಾರದ್ದು ಆಯಿತು. ಎರಡು ಮಕ್ಕಳ ಸ್ನಾನ ಮುಗಿದಿತ್ತು. ಮೂರನೆಯದಕ್ಕೆ ನೀರು ಬೆರೆಸಿ ಮೊಣಕೈ ಇಟ್ಟಾಗ ಎದೆಯಲ್ಲಿ ಉರಿ ಎದ್ದಿತು. ನೀರು ತಣ್ಣಗಿದೆ ಎನಿಸಿತು. ಬಿಸಿ ನಲ್ಲಿ ತಿರುಗಿಸಿದಳು. ಮತ್ತೆ ಇಟ್ಟಳು, ಇನ್ನೂ ಸಾಲದು. ಮತ್ತೆ ತಿರುಗಿಸಿದಳು. "ಹೂಂ" ಎಂದಳು. ಕೂಸನ್ನು ಎತ್ತಿ ಇಳಿಸುವಾಗ ಹಿಮ್ಮಡಿ ನೀರಿಗೆ ತಾಗಿದ್ದೇ ತಡ, ಅದು ಕಿಟ್ಟನೆ ಚೀರಿತು. ಅದು ಬೈಗುಳದ ಅಳು ಅಲ್ಲ ಎಂದು ಅವಳಿಗೆ ತಕ್ಷಣ ತಿಳಿಯಿತು. ಎತ್ತಿಕೊಂಡು ತಣ್ಣೀರಿನ ನಲ್ಲಿಯ ಕೆಳಗೆ ಪಾದ ಹಿಡಿದಳು. ಹಿಮ್ಮಡಿಗಳು ಕೆಂಪಾಗಿದ್ದವು. ಬೊಬ್ಬೆ ಏಳಲಿಲ್ಲ.

"ಏನಾಯ್ತಮ್ಮ?" ಗಾಜಿನಾಚೆಯಿಂದ ತಾಯಿ ಕೇಳಿದಳು.

"ಏನಿಲ್ಲ ತಾಯಿ. ನೀರು ಕಂಡ್ರೆ ಆಗಲ್ಲ ನಿನ್ನ ಮಗನಿಗೆ. ದೊಡ್ಡ ರೋಷಗಾರ."

ತಾಯಿ ನಕ್ಕಳು. ಸಂಜೆಯ ಹೊತ್ತಿಗೆ ಕೆಂಪು ಇಳಿಯಿತು, ಮರುದಿನ ಅವರು ಮನೆಗೆ ಹೋದರು. ಸ್ನಾನದಮ್ಮನಿಗೆ ಮಾತ್ರ ಅನ್ನ ಸೇರಲಿಲ್ಲ. ಕಾದ ಮೈಗೆ ಸುಡುನೀರೂ ಉಗುರುಬೆಚ್ಚಗೆ ತೋರುತ್ತದೆ ಎಂಬುದು ಅವಳಿಗೆ ಅಂದು ಅರ್ಥವಾಯಿತು. ಇಷ್ಟು ವರ್ಷ ನಂಬಿದ ಕೈ ಅವಳಿಗೇ ಕೈಕೊಟ್ಟಿತ್ತು.

ಥರ್ಮಾಮೀಟರ್ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹಿಡಿದಳು, ಒಂದು ದಿನ, ಕದ್ದು. ಕನ್ನಡಕ ಇಲ್ಲದೆ ಅದರ ಗೆರೆ ಕಾಣಲಿಲ್ಲ, ಕನ್ನಡಕ ಹಾಕಿದರೆ ಹಬೆ ಕೂತು ಏನೂ ಕಾಣಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಆಯಾ ಒಳಗೆ ಬಂದಳು. ಸ್ನಾನದಮ್ಮ ಗಾಬರಿಯಾಗಿ ಕಡ್ಡಿಯನ್ನು ಸೋಪಿನ ನೀರಿಗೆ ಅದ್ದಿ ತಿಕ್ಕತೊಡಗಿದಳು.

"ಧೂಳು ಹಿಡಿದಿತ್ತು, ತೊಳೀತಿದ್ದೆ" ಎಂದಳು.

ಬಂದವಳು ಕುಳ್ಳಿ. ಹೆಸರಿಗೆ ಕುಳ್ಳಿ, ಆಳು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಸ್ನಾನದಮ್ಮನಿಗಿಂತ ಎರಡು ವರ್ಷ ಚಿಕ್ಕವಳು, ಅವಳಿಂದಲೇ ವಿದ್ಯೆ ಕಲಿತವಳು, ಸತ್ತವರನ್ನೂ ನಗಿಸುವ ಬಾಯಿ. ಆ ಗಳಿಗೆಯಲ್ಲಿ ಸ್ನಾನದಮ್ಮನಿಗೆ ಒಂದು ಉಪಾಯ ಹೊಳೆಯಿತು.

"ಏ ಕುಳ್ಳಿ, ಈ ನೀರು ನೋಡು. ನಿನ್ನ ಕೈ ಹದ ಹೇಗಿದೆ ಅಂತ ನೋಡ್ತೀನಿ."

ಕುಳ್ಳಿ ಮೊಣಕೈ ಇಟ್ಟಳು. "ಸರಿ ಇದೆ ಅಕ್ಕ."

ಅಂದಿನಿಂದ ಅದೇ ರೂಢಿಯಾಯಿತು. ಗುರು ತನ್ನನ್ನು ಪರೀಕ್ಷಿಸುತ್ತಿದ್ದಾಳೆ ಎಂದು ಕುಳ್ಳಿ ಉಬ್ಬಿದಳು. ಸ್ನಾನದಮ್ಮ ತನಗೇನು ಅನಿಸಿದರೂ ಅದನ್ನು ನುಂಗಿಕೊಂಡು ಕುಳ್ಳಿ ಹೇಳಿದ ಹಾಗೆ ಬಿಸಿಯನ್ನೋ ತಣ್ಣೀರನ್ನೋ ಸೇರಿಸಿದಳು. ವಾರ್ಡಿನವರಿಗೆ ಏನೂ ಗೊತ್ತಾಗಲಿಲ್ಲ. ಇನ್ನು ಯಾವ ಕೂಸಿಗೂ ಅಪಾಯವಿಲ್ಲ ಎಂದು ಅವಳು ನಿಟ್ಟುಸಿರು ಬಿಟ್ಟಳು.

ಅದೇ ಹೊತ್ತಿಗೆ ಅವಳ ಮಗಳು ಚೊಚ್ಚಲ ಹೆರಿಗೆಗೆ ಅದೇ ವಾರ್ಡಿಗೆ ಬಂದಳು. ಹೆಣ್ಣು ಮಗು. "ಊರ ಮಕ್ಕಳಿಗೆಲ್ಲ ನೀನು ಮಾಡಿಸಿದ್ದೀಯ. ನನ್ನ ಮಗೂಗೂ ಮೊದಲನೇ ಸ್ನಾನ ನೀನೇ ಮಾಡಿಸ್ಬೇಕು" ಎಂದು ಬಸುರಿಯಾದಾಗಿನಿಂದ ಹೇಳುತ್ತಿದ್ದಳು. ಗಾಜಿನಾಚೆ ನಿಲ್ಲಲು ಒಪ್ಪದೆ ಕೋಣೆಯೊಳಗೇ ಸ್ಟೂಲ್ ಹಾಕಿಸಿಕೊಂಡು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಸ್ನಾನದಮ್ಮ ನೀರು ಬೆರೆಸಿ ಮೊಣಕೈ ಇಟ್ಟಳು. ಅಂದು ಮೈಯಲ್ಲಿ ಉರಿ ಇರಲಿಲ್ಲ, ನೀರು ಹದವಾಗಿದೆ ಎನಿಸಿತು. ಆದರೆ ತನ್ನನ್ನು ತಾನು ನಂಬುವ ಧೈರ್ಯ ಉಳಿದಿರಲಿಲ್ಲ.

"ಕುಳ್ಳಿ, ನೋಡೇ."

ಕುಳ್ಳಿ ಮೊಣಕೈ ಅದ್ದಿದಳು. "ಛೆ, ತಣ್ಣಗಿದೆಯಲ್ಲ ಅಕ್ಕ. ನಿನ್ನ ಮೊಮ್ಮಗಳಿಗೆ ನೆಗಡಿ ಮಾಡ್ತೀಯಾ?" ಎಂದು ತಾನೇ ಬಿಸಿ ನಲ್ಲಿ ತಿರುಗಿಸಿದಳು. ಮತ್ತೆ ನೋಡಿದಳು, ಇನ್ನೂ ಸ್ವಲ್ಪ ಬಿಟ್ಟಳು. "ಈಗ ಸರಿ."

ಸ್ನಾನದಮ್ಮ ಬಟ್ಟೆ ಬಿಚ್ಚಿದ ಕೂಸಿಗೆ ಕೈ ಚಾಚಿದಳು. ಮಗಳು ಕೊಡುವ ಮೊದಲು ಸುಮ್ಮನೆ ಬೋಗುಣಿಯಲ್ಲಿ ಬೆರಳಾಡಿಸಿ ಥಟ್ಟನೆ ಹಿಂದೆಳೆದುಕೊಂಡಳು.

"ಅಮ್ಮ, ಇದು ಸುಡ್ತಿದೆ."

ಸ್ನಾನದಮ್ಮ ಕುಳ್ಳಿಯ ಕಡೆ ತಿರುಗಿದಳು. ಕುಳ್ಳಿಯ ತುಟಿಯ ಮೇಲೆ ಬೆವರಿನ ಹನಿಗಳು ಸಾಲುಗಟ್ಟಿದ್ದವು. ಕತ್ತು, ಕಿವಿ ಎಲ್ಲ ಕೆಂಪು. ಉರಿಯುವ ಆ ಮುಖವನ್ನು ಅವಳು ತನ್ನ ಮನೆಯ ಕನ್ನಡಿಯಲ್ಲಿ ದಿನವೂ ನೋಡುತ್ತಿದ್ದಳು.

"ನಿಂಗೂ ಬಂದಿದೆಯೇನೇ?"

"ಏನು ಬಂದಿದೆ? ಏನಿಲ್ಲ, ಹಬೆ" ಎಂದಳು ಕುಳ್ಳಿ. ಆಮೇಲೆ ಅವಳ ಕಣ್ಣು ತುಂಬಿತು. "ಎರಡು ವರ್ಷ ಆಯ್ತಕ್ಕ. ನೀನಿದ್ದೀಯಲ್ಲ, ತಪ್ಪಾದ್ರೆ ನೀನು ಹೇಳ್ತೀಯ ಅಂದ್ಕೊಂಡಿದ್ದೆ."

ಇವಳನ್ನು ನಂಬಿ ಅವಳು, ಅವಳನ್ನು ನಂಬಿ ಇವಳು. ಅಷ್ಟು ದಿನ ಆ ಬೋಗುಣಿಗೆ ಇಳಿದ ಕೂಸುಗಳಿಗೆ ಏನೂ ಆಗದಿದ್ದದ್ದು ಯಾರ ಪುಣ್ಯವೋ. ಸ್ನಾನದಮ್ಮ ಅಲ್ಲಿಯೇ ಕಟ್ಟೆಗೆ ಒರಗಿ ಮಗಳಿಗೆ ಎಲ್ಲವನ್ನೂ ಹೇಳಿದಳು. ಉರಿ, ಅಂದಿನ ಗಂಡು ಕೂಸು, ಕೆಂಪಾದ ಹಿಮ್ಮಡಿ, ತಾಯಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ.

ಮಗಳು ಏನೂ ಬೈಯಲಿಲ್ಲ. ಕೂಸನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು, ಅಷ್ಟೇ. ಬೇಕೆಂದು ಸರಿಸಿದ್ದಲ್ಲ, ತಾಯಾದವಳ ಮೈ ತಾನೇ ಸರಿದದ್ದು. ಅದನ್ನು ನೋಡಿ ಸ್ನಾನದಮ್ಮನಿಗೆ ಆದಂಥ ಸಂಕಟವನ್ನು ಯಾವ ಉರಿಯೂ ಕೊಟ್ಟಿರಲಿಲ್ಲ.

"ದೊಡ್ಡ ಸಿಸ್ಟರಿಗೆ ಹೇಳ್ಬೇಡಕ್ಕ" ಕುಳ್ಳಿ ಅವಳ ಕೈ ಹಿಡಿದುಕೊಂಡಳು. "ಕೆಳಗೆ ಹಾಕ್ತಾರೆ. ನಂಗೆ ಆ ಬಾಯ್ಲರ್ ಹತ್ರ ಆಗಲ್ಲ. ನಿಂಗೂ ಆಗಲ್ಲ. ಇನ್ನು ಹುಷಾರಾಗಿರೋಣ."

ಸ್ನಾನದಮ್ಮ ಕೈ ಬಿಡಿಸಿಕೊಂಡು, ಆ ವಾರ್ಡಿನ ಮೇಲ್ವಿಚಾರಕಿ ದೊಡ್ಡ ಸಿಸ್ಟರ ಕೋಣೆಗೆ ಹೋದಳು.

"ಸಿಸ್ಟರ್, ನನ್ನ ಮುಟ್ಟು ನಿಂತಿದೆ. ಮೈಯಲ್ಲಿ ಉರಿ ಬರುತ್ತೆ. ಬಂದಾಗ ನೀರಿನ ಬಿಸಿ ತಿಳಿಯಲ್ಲ. ಒಂದು ಮಗೂ ಕಾಲು ಸುಟ್ಟಿತ್ತು, ಮುಚ್ಚಿಟ್ಟೆ. ಆ ತಾಯಿಗೆ ನೀವು ಹೇಳಿ ಕಳಿಸ್ಬೇಕು. ಇನ್ನು ಮೇಲೆ ಈ ವಾರ್ಡಲ್ಲಿ ಯಾರೂ ಮೊಣಕೈ ಇಟ್ಟು ನೀರು ನೋಡೋದು ಬೇಡ."

ದೊಡ್ಡ ಸಿಸ್ಟರ್ ಪೆನ್ನು ಕೆಳಗಿಟ್ಟರು. "ನಿಮ್ಮೊಬ್ಬರಿಗೆ ತೊಂದರೆ ಅಂದ್ರೆ ಎಲ್ಲರ ಕೈ ಯಾಕೆ ಕಟ್ಟಬೇಕು? ಬೇರೆ ಯಾರಿಗಾದ್ರೂ ಇದೆಯಾ?"

ಸ್ನಾನದಮ್ಮ ನೆಲ ನೋಡಿದಳು. "ನನಗೆ ನನ್ನದು ಗೊತ್ತು. ಎಲ್ಲರಿಗೂ ನಾನೇ ಕಲಿಸಿದ್ದಲ್ವಾ, ಅದಕ್ಕೆ ನಾನೇ ಬಿಡಿಸ್ಬೇಕು. ಇವತ್ತು ನನಗೆ, ನಾಳೆ ಇನ್ನೊಬ್ಬಳಿಗೆ ಬರುತ್ತೆ. ಬಂದ್ರೂ ಯಾರೂ ಹೇಳಲ್ಲ ಸಿಸ್ಟರ್."

ದೊಡ್ಡ ಸಿಸ್ಟರ್ ಕೆಟ್ಟವರಲ್ಲ. ಅಂದೇ ಆ ತಾಯಿಗೆ ಫೋನ್ ಮಾಡಿಸಿ ಕೂಸನ್ನು ಕರೆಸಿ ನೋಡಿಸಿದರು. ಹೊಸ ಥರ್ಮಾಮೀಟರು ತರಿಸಿದರು, ದಪ್ಪ ಅಕ್ಷರದ್ದು. ಅದಿಲ್ಲದೆ ಯಾರೂ ನೀರು ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದರು. "ನೀವು ಡಾಕ್ಟರಿಗೆ ತೋರಿಸ್ಕೊಳ್ಳಿ. ಇದಕ್ಕೆ ಔಷಧಿ ಇದೆ" ಎಂದೂ ಹೇಳಿ, ಅಲ್ಲೇ ಚೀಟಿ ಬರೆದುಕೊಟ್ಟರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಮಕ್ಕಳನ್ನು ಮಾತ್ರ ಇನ್ನು ಅವಳ ಕೈಗೆ ಕೊಡುವಂತಿಲ್ಲ, ಸೋಮವಾರದಿಂದ ಕೆಳಗೆ ಹೋಗಬೇಕು ಎಂದರು. ಕುಳ್ಳಿ ವಾರ್ಡಿನಲ್ಲೇ ಉಳಿದಳು. ಎದುರಿಗೆ ಸಿಕ್ಕರೆ ಮುಖ ತಪ್ಪಿಸುತ್ತಿದ್ದಳು.

ಸೋಮವಾರ ಸ್ನಾನದಮ್ಮ ಮೆಟ್ಟಿಲಿಳಿದಳು. ನೆಲಮಾಳಿಗೆಯ ಹಬೆ ಮುಖಕ್ಕೆ ರಾಚಿತು. ಉದ್ದನೆಯ ಮೇಜಿನ ಸುತ್ತ ನಾಲ್ಕೈದು ಹೆಂಗಸರು ನಿಂತು ಹಾಸಿಗೆ ಬಟ್ಟೆ ಮಡಚುತ್ತಿದ್ದರು. ಎಲ್ಲರೂ ಹೆಚ್ಚುಕಡಿಮೆ ಅವಳ ವಯಸ್ಸಿನವರೇ, ಎಲ್ಲರ ಕತ್ತಿನಲ್ಲೂ ಒದ್ದೆ ಟವೆಲು. ಹಿರಿಯವಳೊಬ್ಬಳು, ಹಿಂದೆ ಆಪರೇಷನ್ ಕೋಣೆಯಲ್ಲಿದ್ದವಳು, ಕಿಟಕಿಯ ಕೆಳಗಿನ ತನ್ನ ಜಾಗ ಬಿಟ್ಟು ಸರಿದಳು.

"ಬಾ, ಇಲ್ಲಿ ನಿಂತ್ಕೋ. ಸ್ವಲ್ಪ ಗಾಳಿ ಬರುತ್ತೆ. ನಿನ್ನನ್ನ ಏನಂತ ಕಳಿಸಿದ್ರು?"

ಸ್ನಾನದಮ್ಮ ಸಿಸ್ಟರಿಗೆ ಹೇಳಿದ್ದನ್ನೇ ಮತ್ತೆ ಹೇಳಿದಳು. ಬಟ್ಟೆ ಮಡಚುವ ಕೈಗಳು ಒಂದೊಂದಾಗಿ ನಿಂತವು.

"ನಾನು ಟ್ರೇ ಕೈ ಜಾರ್ತು ಅಂದಿದ್ದೆ" ಎಂದಳು ಒಬ್ಬಳು. "ಆಗ ತಲೆ ತಿರುಗ್ತಿತ್ತು, ಬೆವರಲ್ಲಿ ಏನೂ ಕಾಣ್ತಿರಲಿಲ್ಲ."

"ನನ್ನನ್ನ ಕುಡಿದು ಬಂದಿದ್ದಾಳೆ ಅಂದ್ರು. ಮುಖ ಕೆಂಪಗಿತ್ತಲ್ಲ" ಎಂದಳು ಇನ್ನೊಬ್ಬಳು. "ಹೌದು ಅಂತ ಒಪ್ಕೊಂಡೆ."

ಹಿರಿಯವಳು ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಹಿಡಿದುಕೊಂಡಳು. ಆಮೇಲೆ ಸ್ನಾನದಮ್ಮನ ಮುಖ ನೋಡಿ ಮೆಲ್ಲಗೆ ಕೇಳಿದಳು.

"ಹಾಗಂತ ಹೇಳಬಹುದಾಗಿತ್ತಾ?"