ಅಮ್ಮ ಎತ್ತಿದ ಫೋನು

ಒಂದು ವಿದೇಶಿ ಟೆಲಿಫೋನ್ ಕಂಪನಿ ಈಗ ಎಷ್ಟೋ ದೇಶಗಳಿಗೆ ಬೆಳೆದಿದೆಯೆಂದು ಬೆಳಿಗ್ಗೆ ಪತ್ರಿಕೆಯಲ್ಲಿ ಓದಿದೆ. ಮಧುಗಿರಿಯ ನಮ್ಮ ಮನೆಯ ಮುಂಭಾಗದಲ್ಲೇ ಇದ್ದ ಕಡಲೆಕಾಯಿ ಮಂಡಿಗೆ ಬಂದ ಮೊದಲ ಕಪ್ಪು ಫೋನಿನ ಮೇಲೂ ಅದೇ ಹೆಸರಿತ್ತು. ಅಪ್ಪ ಅದನ್ನು ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ದಿನಾ ಒರೆಸುತ್ತಿದ್ದರು.

ಆಗ ಸೊಸೆ ಮಾವನೊಂದಿಗೆ ಮಾತಾಡುವಂತಿರಲಿಲ್ಲ. ಪಾವಗಡದಿಂದ ತಾತ ಬಂದರೆ ಅಮ್ಮ ಬಾಗಿಲ ಹಿಂದೆ ನಿಂತು, ಹೇಳಬೇಕಾದ್ದನ್ನು ನನ್ನಿಂದ ಹೇಳಿಸುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪ ಶಿರಾಕ್ಕೆ ಹೋಗಿದ್ದಾಗ ಫೋನು ಬಡಿದುಕೊಂಡಿತು. ಅದು ನಿಲ್ಲಲೇ ಇಲ್ಲ. ಅಮ್ಮ ಹೆದರುತ್ತಲೇ ಎತ್ತಿದಳು. ಪಕ್ಕದಲ್ಲಿದ್ದ ನನಗೂ ತಾತನ ದನಿ ಕೇಳಿತು.

"ಯಾರು?"

ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ನಾನು, ಸೊಸೆ."

"ನಿಮ್ಮತ್ತೆ ಹೋಗ್ಬುಟ್ಳು ಕಣಮ್ಮ," ಎನ್ನುತ್ತಲೇ ತಾತ ಬಿಕ್ಕಿ ಬಿಕ್ಕಿ ಅತ್ತರು.

ಊರೇ ಹೆದರುತ್ತಿದ್ದ ತಾತ ಅಳುತ್ತಿದ್ದರು. ಅಮ್ಮ ಅವರನ್ನು ಸಮಾಧಾನ ಮಾಡುತ್ತಿದ್ದಳು.

"ಅಳ್ಬ್ಯಾಡಿ ಮಾವ. ಒಂದು ತೊಟ್ಟು ನೀರು ಕುಡೀರಿ. ನಾವು ಈಗ್ಲೇ ಹೊರಡ್ತೀವಿ."

ಪಾವಗಡದಲ್ಲಿ ಅಮ್ಮ ಮತ್ತೆ ಬಾಗಿಲ ಹಿಂದೆ ನಿಂತಳು. ತಾತ ನೆಂಟರೆಲ್ಲರ ಎದುರೇ ಕರೆದರು. "ಈಚೆಗೆ ಬಾರಮ್ಮ. ಇನ್ನು ನೀನೇ ಈ ಮನೆ ನೋಡ್ಕಬೇಕು."

ನೆಂಟರ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅಮ್ಮ ಬಂದು ತಾತನ ಪಕ್ಕದಲ್ಲೇ ಕೂತಳು.

ಇವತ್ತಿಗೂ ಮಧ್ಯಾಹ್ನ ಫೋನು ಬಂದರೆ ಸೆರಗು ಎಳೆದುಕೊಂಡು ಫೋನು ಹಿಡಿದ ಅಮ್ಮನೇ ನೆನಪಾಗುತ್ತಾಳೆ.